ಉರಿಯದ ಎಂಟು ದೀಪಗಳು

ಭಯಪಡುವುದರಲ್ಲೂ ಅಂತಸ್ತುಗಳಿವೆ. ಹಾವಿಗೆ ಹೆದರುವವರನ್ನು ಜನ ಅರ್ಥ ಮಾಡಿಕೊಳ್ಳುತ್ತಾರೆ. ಚಿರತೆ ಕಂಡು ಓಡಿಬಂದವರನ್ನು ಕುರ್ಚಿ ಹಾಕಿ ಕೂರಿಸಿ, ನೀರು ಕೊಟ್ಟು, ಮೊದಲಿಂದ ಹೇಳಿ ಎನ್ನುತ್ತಾರೆ. ಆನೆಗೆ ಹೆದರಿ ಮರ ಹತ್ತಿದವರಂತೂ ಬಂಗಾರಪೇಟೆ ಕಡೆಯ ಹಳ್ಳಿಗಳಲ್ಲಿ ಒಂದು ತಿಂಗಳ ಮಟ್ಟಿಗೆ ದೊಡ್ಡ ಮನುಷ್ಯರು. ನಾನು ಹೆದರುವುದು ರೇಷ್ಮೆ ಹುಳಕ್ಕೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ, ಓಡುವುದೂ ಇಲ್ಲ. ಕೊನೆಯ ವಾರದಲ್ಲಿ ನನ್ನ ಕಿರುಬೆರಳಿನಷ್ಟು ಬೆಳೆದು, ಬೆಳ್ಳಗೆ, ತಣ್ಣಗೆ, ಸೊಪ್ಪು ತಿನ್ನುತ್ತ ಬಿದ್ದಿರುತ್ತದೆ. ಅದು ಯಾರನ್ನಾದರೂ ಅಟ್ಟಿಸಿಕೊಂಡು ಹೋದದ್ದನ್ನು ನಾನು ಕೇಳಿಲ್ಲ. ಆದರೂ ಒಂದು ಹುಳ ಅರ್ಧ ಮೈ ಮೇಲೆತ್ತಿ, ಗಾಳಿಯಲ್ಲಿ ಏನನ್ನೋ ಹುಡುಕುವಂತೆ ತಲೆ ಆಡಿಸಿ, ಕೊನೆಗೆ ನನ್ನ ಕಡೆ ತಿರುಗಿ ನಿಂತರೆ, ನನ್ನ ಬೆನ್ನಿನ ಉದ್ದಕ್ಕೂ ಯಾರೋ ಒದ್ದೆ ದಾರ ಎಳೆದಂತಾಗುತ್ತದೆ.

ಇದನ್ನು ನಾನು ಇದುವರೆಗೆ ಹೊರಗೆ ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಹೇಳಿಕೊಳ್ಳುವ ಹಾಗೂ ಇರಲಿಲ್ಲ, ಏಕೆಂದರೆ ಹುಳ ಸಾಕುವ ಮನೆಯಲ್ಲೇ ಹುಟ್ಟಿದವಳು ನಾನು. ಕ್ಯಾಸಂಬಳ್ಳಿಯಿಂದ ಸ್ವಲ್ಪ ಒಳಗೆ ನಮ್ಮ ಊರು. ಮನೆಯ ಮುಂದೆ ಅಪ್ಪನ ಎರಡು ಹಸು, ಮನೆಯ ಹಿಂದೆ ಅಮ್ಮನ ಹುಳದ ಮನೆ, ಅದರಾಚೆ ಹಿಪ್ಪುನೇರಳೆ ತೋಟ. ಮೂರನೇ ತರಗತಿಯಲ್ಲಿ ನನ್ನ ಜಾಮೆಟ್ರಿ ಬಾಕ್ಸಿನೊಳಗೆ ಒಂದು ಹುಳ ಹೇಗೋ ಸೇರಿಕೊಂಡಿತ್ತು. ಮುಚ್ಚಳ ತೆಗೆದವಳು ತಕ್ಷಣ ಮುಚ್ಚಿ, ಬಾಕ್ಸನ್ನು ಹಸುವಿನ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಇಟ್ಟುಬಿಟ್ಟೆ. ಮುಂದಿನ ಎರಡು ವಾರ ಸ್ಕೇಲಿಲ್ಲದೆ ಗೆರೆ ಎಳೆದೆ. "ನಿನ್ ಗೆರೆಗಳೆಲ್ಲ ಯಾಕಮ್ಮ ನಡುಗ್ತಾವೆ?" ಎಂದು ಗಣಿತದ ಮೇಷ್ಟ್ರು ಕೇಳಿದರು. ಕಾರಣ ಹೇಳಲಿಲ್ಲ. ನನ್ನ ಸ್ವಭಾವವೇ ಹಾಗೆ. ನಡುಗುತ್ತೇನೆ, ಕಾರಣ ಹೇಳುವುದಿಲ್ಲ.

ಈಗ ನಾನು ಕೆ.ಜಿ.ಎಫ್.ನ ಒಂದು ಕಾಲೇಜಿನಲ್ಲಿ ಎಂ.ಟೆಕ್. ವಿದ್ಯಾರ್ಥಿನಿ. ವಾರದ ದಿನಗಳಲ್ಲಿ ನಂದಿದುರ್ಗ ಗಣಿಯ ಕಾರ್ಮಿಕರ ಹಳೆಯ ಮನೆಸಾಲಿನಲ್ಲಿ, ಅಂದರೆ ಲೈನಿನಲ್ಲಿ, ಒಂದು ಕೋಣೆ ಹಿಡಿದು ಇರುತ್ತೇನೆ, ಶನಿವಾರ ಊರಿಗೆ ಹೋಗುತ್ತೇನೆ. ನನ್ನ ಯೋಜನೆಯ ವಿಷಯ ಇಷ್ಟೇ: ಕ್ಯಾಮೆರಾ ಹಿಡಿದ ಚಿತ್ರಗಳನ್ನು ಪರಿಶೀಲಿಸುವ ಒಂದೇ ಕೆಲಸವನ್ನು ಸಾಮಾನ್ಯ ಪ್ರೊಸೆಸರಿಗೂ ಕೊಡುವುದು, ಎಫ್‌ಪಿಜಿಎ ಎಂಬ ಬೋರ್ಡಿಗೂ ಕೊಡುವುದು, ಯಾವುದು ಮೇಲೆಂದು ನೋಡುವುದು. ನನ್ನ ಗೈಡ್ ಮೇಡಂ ಮೊದಲ ದಿನವೇ ಹೇಳಿದ್ದರು: "ಲ್ಯಾಬಿನಲ್ಲಿ ಫ್ಯಾನ್ ಕೆಳಗೆ ಕಾಗದ ಹಾರಿಸಿ ಚಲನೆ ಸಿಕ್ಕಿತು ಅಂತ ಬರೆಯಬೇಡ. ನಿಜವಾದ ಯಾವುದಾದರೂ ಜೀವ ಇರೋ ವಸ್ತು ತೋರಿಸು." ಜೀವ ಇರುವ ವಸ್ತು ಎಂದರೆ ನಮ್ಮ ಮನೆಯಲ್ಲಿ ಸಾವಿರಗಟ್ಟಲೆ ಇತ್ತು. ಹುಳ ಚೆನ್ನಾಗಿ ಅಲುಗಾಡುತ್ತ ಸೊಪ್ಪು ತಿನ್ನುತ್ತಿದೆಯೇ ಇಲ್ಲವೇ ಎಂಬುದನ್ನು ಕ್ಯಾಮೆರಾದಿಂದ ಕಂಡುಹಿಡಿಯುತ್ತೇನೆ ಎಂದೆ. ಮೇಡಂ ಮೆಚ್ಚಿದರು. "ನಿನಗೆ ಹುಳದ ಮೇಲೆ ಎಷ್ಟು ಪ್ರೀತಿ!" ಎಂದರು. ನಿಜ ಹೇಳಬೇಕೆಂದರೆ, ಹುಳವನ್ನು ಕಣ್ಣಿಂದ ನೋಡದೆಯೇ ಹುಳದ ಯೋಗಕ್ಷೇಮ ತಿಳಿಯುವ ಉಪಾಯವೊಂದು ನನಗೆ ಬೇಕಾಗಿತ್ತು. ಹುಳವನ್ನು ಕ್ಯಾಮೆರಾ ನೋಡಲಿ, ಕ್ಯಾಮೆರಾವನ್ನು ಬೋರ್ಡು ನೋಡಲಿ, ನಾನು ಬೋರ್ಡನ್ನು ನೋಡುತ್ತೇನೆ. ನನಗೂ ಹುಳಕ್ಕೂ ನಡುವೆ ಇಷ್ಟು ಜನ ಇದ್ದರೆ ಸಾಕು.

ಈ ಎರಡು ಯಂತ್ರಗಳ ವ್ಯತ್ಯಾಸವನ್ನು ನಾನು ಮೊದಲು ವಿವರಿಸಿದ್ದು ಅಮ್ಮನಿಗೆ. ಅಮ್ಮ ಏಳನೇ ತರಗತಿ ಓದಿದವಳು. ಪ್ರೊಸೆಸರ್ ಎಂದರೆ ಬಿಂದಿಗೆ ಹೊತ್ತ ಒಬ್ಬ ಆಳು ಎಂದೆ. ಯಾವ ಗಿಡಕ್ಕೆ ಎಷ್ಟು ನೀರು ಎಂದು ಚೀಟಿ ಕೊಟ್ಟರೆ ಓದಿಕೊಂಡು ಒಂದೊಂದೇ ಗಿಡಕ್ಕೆ ಹಾಕುತ್ತ ಹೋಗುತ್ತಾನೆ. ಬಹಳ ಚುರುಕು, ಏನು ಹೇಳಿದರೂ ಮಾಡುತ್ತಾನೆ, ಆದರೆ ಒಂದು ಸಲಕ್ಕೆ ಒಂದೇ. ಬೋರ್ಡಿನಲ್ಲಿ ಆಳೇ ಇಲ್ಲ. ಮೊದಲೇ ಕೊಳವೆಗಳನ್ನು ಜೋಡಿಸಿಟ್ಟಿರುತ್ತೇವೆ. ನೀರು ಬಿಟ್ಟ ಕೂಡಲೇ ಎಲ್ಲ ಗಿಡಕ್ಕೂ ಒಟ್ಟಿಗೇ ಹೋಗುತ್ತದೆ. ಬೆಳೆ ಬದಲಾದರೆ ಅದೇ ಕೊಳವೆಗಳನ್ನು ಬಿಚ್ಚಿ ಬೇರೆ ರೀತಿ ಜೋಡಿಸಬಹುದು.

ಅಮ್ಮ ಸೊಪ್ಪಿನ ಕಡ್ಡಿ ಕಟ್ಟುತ್ತಿದ್ದ ಕೈ ನಿಲ್ಲಿಸದೆ, "ಅಂದ್ರೆ ಡ್ರಿಪ್ಪು ಅನ್ನು" ಎಂದಳು.

ಒಂದು ವರ್ಷ ಪುಸ್ತಕ ಓದಿ ನಾನು ಬರೆದ ಹನ್ನೊಂದು ಪುಟದ ಪೀಠಿಕೆ ಒಂದು ಪದಕ್ಕೆ ಇಳಿಯಿತು. "ಹೂಂ, ಡ್ರಿಪ್ಪು" ಎಂದೆ.

"ಡ್ರಿಪ್ಪು ವೊಳ್ಳೇದೇ. ಆದ್ರೆ ಎಲ್ಲಾದ್ರೂ ತೂತು ಕಟ್ಕಂಡ್ರೆ ಯೋಳಲ್ಲ ಅದು. ಆಳಾದ್ರೆ ಬಂದು ಗೊಣಗ್ತಾನೆ" ಎಂದಳು ಅಮ್ಮ. ಆಗ ನಾನು ಅದನ್ನು ಗಮನಿಸಬೇಕಾಗಿತ್ತು.

ಬೋರ್ಡು ನಮ್ಮ ಕಾಲೇಜಿನದಲ್ಲ. ಮೇಡಂ ತಮ್ಮ ಹಳೆಯ ಸಹಪಾಠಿಯೊಬ್ಬರಿಂದ ಎರವಲು ಕೇಳಿದ್ದರು. ಅವರು ಬೆಂಗಳೂರಿನಿಂದ ಎಲ್ಲಿಗೋ ರೈಲಿನಲ್ಲಿ ಹೋಗುವವರು, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬಾಗಿಲಿನಿಂದಲೇ ಕೊಟ್ಟರು. ಕೊಡುವಾಗ, "ಕೈಯ ಸ್ಟ್ಯಾಟಿಕ್ ಕರೆಂಟಿಗೇ ಸುಟ್ಟುಹೋಗಬಹುದು, ಹುಷಾರು" ಎಂದರು. ರೈಲು ಹೊರಟುಹೋಯಿತು. ಆ ಒಂದು ಮಾತನ್ನು ಎದೆಗೆ ಅವಚಿಕೊಂಡು ನಾನು ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಬಂಗಾರಪೇಟೆಗೆ ಹೋಗಿ ಪಾನಿಪೂರಿ ತಿನ್ನದೆ ಬಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಪಾನಿ ಚೆಲ್ಲಿದರೆ ಏನು ಗತಿ? ಬಸ್ಸಿನಲ್ಲಿ ಕಂಡಕ್ಟರು, "ಏನಮ್ಮಾ, ಹಸುಗೂಸು ಥರ ಇಟ್ಕಂಡಿದ್ದೀರ. ಅದಕ್ಕೂ ಟಿಕೆಟ್ ಬೇಕಾ?" ಎಂದ. ಇಡೀ ಬಸ್ಸು ತಿರುಗಿ ನೋಡಿತು. ಜನ ತಿರುಗಿ ನೋಡುವುದೂ ನನ್ನ ಭಯದ ಪಟ್ಟಿಯಲ್ಲಿದೆ, ಹುಳದ ಕೆಳಗೆ, ಎರಡನೆಯದಾಗಿ.

ಇಷ್ಟರವರೆಗೆ ಹೇಳಿದ್ದೆಲ್ಲ ಸಣ್ಣ ಭಯಗಳು. ದೊಡ್ಡದೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಹಿಂದಿನ ಬೆಳೆಯಲ್ಲಿ ಅಮ್ಮನ ಹುಳವೆಲ್ಲ ಸತ್ತುಹೋಗಿದ್ದವು. ಪಕ್ಕದ ಹೊಲದ ಟೊಮೆಟೊಗೆ ಔಷಧಿ ಹೊಡೆದ ದಿನ ಗಾಳಿ ನಮ್ಮ ಕಡೆ ತಿರುಗಿತ್ತು. ಗೂಡು ಕಟ್ಟಲು ನಾಲ್ಕು ದಿನ ಇದ್ದ ಹುಳ, ಒಂದೇ ಹಗಲಿನಲ್ಲಿ ಹೋದವು. ಅಮ್ಮ ಯಾರನ್ನೂ ಬೈಯಲಿಲ್ಲ. ಹಿತ್ತಿಲಲ್ಲಿ ಗುಂಡಿ ತೆಗೆಸಿ, ಸುಣ್ಣ ಹಾಕಿ ಮುಚ್ಚಿ, ಮೂರು ದಿನ ಹುಳ ಮೇಯಿಸುವ ಕಬ್ಬಿಣದ ಸ್ಟ್ಯಾಂಡುಗಳನ್ನು ತೊಳೆದಳು. ತೊಳೆದದ್ದನ್ನೇ ತೊಳೆದಳು. ನಾಲ್ಕನೇ ದಿನ, "ಇನ್ನೊಂದ್ ಕಿತ ನೋಡ್ತೀನಿ. ಆಗ್ಲೂ ಇಂಗೇ ಆದ್ರೆ ತೋಟ ಕಿತ್ತಾಕ್ಸಿ ಟಮಾಟನೇ ಆಕ್ಸಾದು" ಎಂದಳು. ಹುಳವಿಲ್ಲದ ಅಮ್ಮನನ್ನು ನಾನು ಕಂಡಿಲ್ಲ. ಅವಳು ಒಂದು ಬೆಳೆ ಮುಗಿಸಿ ಇನ್ನೊಂದು ಬೆಳೆ ಶುರುಮಾಡುವ ನಡುವಿನ ವಾರದಲ್ಲೇ ಮನೆಯಲ್ಲಿ ದಿಕ್ಕು ತೋಚದವಳಂತೆ ಓಡಾಡುತ್ತಾಳೆ. ಈಗ ಹೇಳುತ್ತಿರುವುದು ಆ ಇನ್ನೊಂದು ಸಲದ ಬೆಳೆಯ ಕಥೆ. ಹುಳ ಕೊನೆಯ ಜ್ವರ ಬಿಟ್ಟು ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಇನ್ನು ಐದು ದಿನ ಹೊಟ್ಟೆ ತುಂಬ ತಿಂದರೆ ಗೂಡು. ಆ ಐದು ದಿನಗಳ ಮೊದಲ ದಿನ ನಾನು ಬೋರ್ಡು, ಲ್ಯಾಪ್‌ಟಾಪು ಹಿಡಿದು ಹೊರಟೆ.

ಲೈನಿನ ನನ್ನ ಕೋಣೆಯ ಯಜಮಾನಿಯನ್ನು ಎಲ್ಲರೂ ಪಾಟಿ ಎನ್ನುತ್ತಾರೆ, ತಮಿಳಿನ ಅಜ್ಜಿ. ಗಂಡ ಗಣಿಯಲ್ಲಿ ದುಡಿದವರು. ಮೂರು ಭಾಷೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುವುದು ಪಾಟಿಯ ಮಿತವ್ಯಯ. ಶನಿವಾರ ಬೆಳಿಗ್ಗೆ ನಾನು ಬಾಗಿಲು ದಾಟುವಾಗ ತಡೆದು, "ಬಸ್ಸ್ಟಾಂಡ್ ಪಕ್ಕ ಮೋರಿ ಇರ್ಕು ಮಾ. ಕೊಸು ಪೂರಾ ತಿಂದ್ಬಿಡ್ತದೆ ನಿನ್ನ. ಕೈ ಕೊಡು" ಎಂದು ಸೊಳ್ಳೆಗೆ ಹಚ್ಚುವ ಕ್ರೀಮನ್ನು ನನ್ನ ಮೊಣಕೈವರೆಗೆ ತಾವೇ ಬಳಿದರು. ನನ್ನ ಎರಡೂ ಕೈಯಲ್ಲಿ ಚೀಲಗಳಿದ್ದವು. ಬೇಡ ಎನ್ನುವುದು ನನಗೆ ಬರುವುದಿಲ್ಲ. ನಿಂಬೆಹಣ್ಣಿನ ವಾಸನೆ ಬಂತು. "ಥ್ಯಾಂಕ್ಸ್ ಪಾಟಿ" ಎಂದು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತು ಬೋರ್ಡಿಗೆ ಏನಾಗುತ್ತದೋ ಎಂದು ಹೆದರುವುದರಲ್ಲಿ ಎಷ್ಟು ತಲ್ಲೀನಳಾಗಿದ್ದೆನೆಂದರೆ, ಬೇರೆ ಯಾವುದಕ್ಕೂ ಹೆದರಲು ಮನಸ್ಸಿನಲ್ಲಿ ಜಾಗವೇ ಇರಲಿಲ್ಲ.

ನಮ್ಮ ಹುಳದ ಮನೆಗೆ ಕಾವಲು ಅಜ್ಜಿ, ಅಪ್ಪನ ತಾಯಿ. ಹಿಂದಿನ ಬೆಳೆ ಹೋದಮೇಲಂತೂ ಬಾಗಿಲಿಗೆ ಒಂದು ಸ್ಟೂಲು ಹಾಕಿಕೊಂಡು, ಬ್ಲೀಚಿಂಗ್ ನೀರಿನ ಬೋಗುಣಿ ಪಕ್ಕಕ್ಕಿಟ್ಟುಕೊಂಡು ಕೂತುಬಿಟ್ಟಿದ್ದಾಳೆ. ಒಳಗೆ ಹೋಗುವವರು ಮೊಮ್ಮಗಳಾದರೂ ಸರಿ, ರೇಷ್ಮೆ ಇಲಾಖೆಯವರಾದರೂ ಸರಿ, ಪ್ರಶ್ನೆಗಳು ಒಂದೇ.

"ಟಮಾಟೆ ವಲದಾಗ್ಲಿಂದ ಬಂದ್ಯಾ?"

"ಇಲ್ಲ."

"ಬೀಡಿ ಸೇದೋರ ಪಕ್ಕ ಕೂತಿದ್ದ್ಯಾ?"

"ಇಲ್ಲ."

"ಸೆಂಟು ಪಂಟು, ಪೌಡ್ರು, ಏನಾದ್ರೂ ಮೈಗೆ ಅಚ್ಕಂಡಿದ್ದೀಯಾ?"

"ಇಲ್ಲ."

ಮೂರನೆಯ "ಇಲ್ಲ" ಅಜ್ಜಿಯ ಪ್ರಶ್ನೆ ಮುಗಿಯುವ ಮೊದಲೇ ಹೊರಬಿತ್ತು. ನನ್ನ ಬಗ್ಗೆ ಯಾರು ಏನು ಕೇಳಿದರೂ ಮೊದಲು ಬರುವ ಉತ್ತರ ಅದೇ. ಅದಕ್ಕೆ ಯೋಚನೆ ಬೇಕಿಲ್ಲ, ಕೊಳವೆ ಜೋಡಿಸಿಯಾಗಿದೆ. ಬೋಗುಣಿಯಲ್ಲಿ ಬೆರಳುಗಳನ್ನು ಅದ್ದಿ, ಪಾದಕ್ಕೆ ನೀರು ಹಾಕಿಕೊಂಡು ಒಳಗೆ ಹೋದೆ. ಅಮ್ಮ ತೋಟಕ್ಕೆ ಹೊರಟವಳು ಹಿಂದಿನಿಂದ, "ನಾ ಇನ್ನೊಂದ್ ವೊರೆ ತತ್ತೀನಿ. ಕೊನೆ ಸ್ಟ್ಯಾಂಡಿಗೆ ನಾಕು ಕಡ್ಡಿ ಆಕಿರಮ್ಮಿ" ಎಂದು ಕೂಗಿ ಹೋದಳು. ಸೊಪ್ಪಿನ ಕಡ್ಡಿಯನ್ನು ಎತ್ತಿ, ತುದಿಯನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದು, ತೋಳನ್ನು ಪೂರ್ತಿ ಚಾಚಿ, ಮುಖವನ್ನು ಗೋಡೆಗೆ ತಿರುಗಿಸಿ, ಮೇಲಿನಿಂದ ಬಿಟ್ಟೆ. ಹೀಗೆ ನಾಲ್ಕು ಕಡ್ಡಿ. ಕೊನೆಯದು ಅಡ್ಡ ಬಿತ್ತು. ಅದನ್ನು ಮೂಲೆಯಲ್ಲಿ ಒಂದು ಸಲ ಕೈಯಿಂದ ಸರಿಮಾಡಲೇಬೇಕಾಯಿತು. ಕಣ್ಣು ಮುಚ್ಚಿಕೊಂಡು ಮಾಡಿದೆ.

ಆಮೇಲೆ ನನ್ನ ಯಂತ್ರಗಳ ಸರದಿ. ಒಂದು ಕೋಲಿಗೆ ಎರಡು ಕ್ಯಾಮೆರಾ ಕಟ್ಟಿ ಸ್ಟ್ಯಾಂಡಿನ ಮೇಲೆ ಅಡ್ಡ ಇಟ್ಟೆ. ಒಂದರ ತಂತಿ ಬೋರ್ಡಿಗೆ, ಇನ್ನೊಂದರದು ಲ್ಯಾಪ್‌ಟಾಪಿಗೆ. ಲ್ಯಾಪ್‌ಟಾಪು ಶುರುವಾದ ಕೂಡಲೇ ಅದರ ಫ್ಯಾನು ಬುಸುಗುಟ್ಟಿತು. ಅಜ್ಜಿ ಬಾಗಿಲಿನಿಂದಲೇ ಕಿವಿ ನೆಟ್ಟಗೆ ಮಾಡಿ, ಒಳಗೆ ಬಂದು, ಅದರ ಪಕ್ಕಕ್ಕೆ ಅಂಗೈ ಹಿಡಿದಳು. "ಅಯ್ಯೋ ದೇವುಡಾ! ಬಿಸಿ ಉಸಿರು ಬಿಡ್ತದಲ್ಲೇ ಇದು! ಉಳ ಬೆಂದೋಗ್ತವೆ, ಆಚೆ ಮಡಗು" ಎಂದಳು. ಬೋರ್ಡಿನ ಮೇಲೂ ಅಂಗೈ ಹಿಡಿದು ನೋಡಿದಳು. ಅದು ಉಸಿರಾಡಲಿಲ್ಲ. "ಇದಿರ್ಲಿ. ಸಾಧು ಪ್ರಾಣಿ" ಎಂದು ಒಪ್ಪಿಗೆ ಕೊಟ್ಟಳು. ಹೀಗೆ ಎರಡು ಯಂತ್ರಗಳ ಹೋಲಿಕೆಯ ಮೊದಲ ಫಲಿತಾಂಶ ಅಜ್ಜಿಯದು. ತಂತಿಯನ್ನು ಬಾಗಿಲ ಕೆಳಗಿನ ಸಂದಿಯಲ್ಲಿ ಎಳೆದು, ಲ್ಯಾಪ್‌ಟಾಪನ್ನು ಜಗಲಿಗೆ ಗಡಿಪಾರು ಮಾಡಿ, ನಾನು ಬೋರ್ಡಿನ ಮುಂದೆ ಕೂತೆ.

ಎರಡಕ್ಕೂ ನಾನು ಕಲಿಸಿದ್ದ ಪಾಠ ಒಂದೇ. ಈಗಿನ ಚಿತ್ರವನ್ನು ಇದಕ್ಕೆ ಹಿಂದಿನ ಚಿತ್ರದೊಂದಿಗೆ ಹೋಲಿಸು. ಎಲ್ಲಿ ಬದಲಾಗಿದೆಯೋ ಅಲ್ಲಿ ಚಲನೆಯಿದೆ. ಬೋರ್ಡಿನ ಅಂಚಿನಲ್ಲಿ ಎಂಟು ಪುಟ್ಟ ದೀಪಗಳಿವೆ. ಚಲನೆ ಹೆಚ್ಚಿದಷ್ಟೂ ಹೆಚ್ಚು ದೀಪ ಉರಿಯುತ್ತವೆ. ಲ್ಯಾಬಿನಲ್ಲಿ ಕೈ ಬೀಸಿದರೆ ಸಾಕು, ಎಂಟೂ ಒಟ್ಟಿಗೇ ಹೊತ್ತಿಕೊಳ್ಳುತ್ತಿದ್ದವು. ಇಲ್ಲಿ ಒಂದೂ ಉರಿಯಲಿಲ್ಲ. ಹುಳ ಇನ್ನೂ ಹೊಸ ಸೊಪ್ಪಿನ ಕೆಳಗಿರಬೇಕು ಎಂದುಕೊಂಡೆ. ಹತ್ತು ನಿಮಿಷ ಕಾದೆ. ಕಣ್ಣಂಚಿನಲ್ಲಿ ಹಸಿರಿನ ಮೇಲೆ ಬಿಳಿ ಬಿಳಿ ಕಾಣಿಸತೊಡಗಿತ್ತು, ಅಂದರೆ ಹುಳ ಮೇಲೆ ಹತ್ತಿ ಬಂದಿದ್ದವು. ನೇರವಾಗಿ ನೋಡುವ ಧೈರ್ಯವಿರಲಿಲ್ಲ. ದೀಪಗಳನ್ನು ನೋಡಿದೆ. ಒಂದೂ ಉರಿಯುತ್ತಿರಲಿಲ್ಲ. ಕ್ಯಾಮೆರಾದ ಮುಂದೆ ಬೆರಳು ಆಡಿಸಿದೆ, ಎಂಟೂ ಉರಿದವು. ಬೋರ್ಡು ಸರಿಯಾಗಿತ್ತು. ಹಾಗಾದರೆ ಸರಿಯಿಲ್ಲದ್ದು ಹುಳ.

ಹಾಗೆ ಯೋಚಿಸುತ್ತ ಮೊಣಕೈ ತುರಿಸಿಕೊಂಡೆ. ನಿಂಬೆಹಣ್ಣಿನ ವಾಸನೆ ಬಂತು.

ಆ ಕ್ಷಣವನ್ನು ಹೇಗೆ ಬರೆಯಲಿ? ನಂದಿದುರ್ಗದ ಬಾಗಿಲು, ಪಾಟಿಯ ಅಂಗೈ, ಅಜ್ಜಿಯ ಮೂರನೆಯ ಪ್ರಶ್ನೆ, ನನ್ನ ಮೂರನೆಯ ಉತ್ತರ, ನಾಲ್ಕು ಕಡ್ಡಿ, ಉರಿಯದ ಎಂಟು ದೀಪ, ಹಿತ್ತಿಲಿನ ಗುಂಡಿ, ಎಲ್ಲವೂ ಒಂದಾದ ಮೇಲೊಂದು ಅಲ್ಲ, ಒಟ್ಟಿಗೇ ಬಂದವು. ಸೊಳ್ಳೆಗೆ ಆಗದ್ದು ಹುಳಕ್ಕೂ ಆಗುವುದಿಲ್ಲ ಎಂಬುದು ಹುಳದ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಅ ಆ ಇ ಈ ಗಿಂತ ಮೊದಲು ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚಿದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಎಲ್ಲರೂ ಪರದೆ ಕಟ್ಟಿಕೊಂಡೇ ಮಲಗುತ್ತೇವೆ. ಒಂದು ವರ್ಷ ಲೈನಿನ ಕೋಣೆಯಲ್ಲಿದ್ದು ಅಷ್ಟನ್ನೂ ಮರೆತಿದ್ದೆ. ಹಚ್ಚಿಕೊಂಡದ್ದು ನಾನಲ್ಲ, ಪಾಟಿ ಹಚ್ಚಿದ್ದು, ಆದ್ದರಿಂದ ಅಜ್ಜಿಗೆ ಸುಳ್ಳು ಹೇಳಿದಂತಾಗಲಿಲ್ಲ ಎಂಬ ವಾದವೊಂದನ್ನು ಮನಸ್ಸು ತಯಾರಿಸಿಕೊಟ್ಟಿತು. ಅದನ್ನು ಎತ್ತಿ ಪಕ್ಕಕ್ಕಿಟ್ಟೆ.

ಓಡಿಹೋಗಿ ಅಮ್ಮನಿಗೆ ಹೇಳುವುದು ಸರಿಯಾದ ದಾರಿ. ನಾನು ಹೋದದ್ದು ನಲ್ಲಿಯ ಹತ್ತಿರ. ಸೋಪು ಹಾಕಿ ಮೊಣಕೈ ಮೇಲಿನವರೆಗೂ ಮೂರು ಸಲ ತೊಳೆದೆ, ಮೂಸಿದೆ, ಮತ್ತೆ ತೊಳೆದೆ. ಇನ್ನು ಆ ನಾಲ್ಕು ಕಡ್ಡಿಗಳನ್ನು ತೆಗೆಯಬೇಕು. ಯಾವ ಕೈಯಿಂದ? ನನ್ನ ಹತ್ತಿರ ಇದ್ದದ್ದು ಅದೇ ಎರಡು ಕೈ. ಅಡುಗೆಮನೆಗೆ ಹೋಗಿ, ಅನ್ನದ ಪಾತ್ರೆ ಇಳಿಸುವ ಇಕ್ಕಳ ತೆಗೆದುಕೊಂಡು, ಅಜ್ಜಿ ತೂಕಡಿಸುತ್ತಿದ್ದ ಹೊತ್ತು ನೋಡಿ ಒಳಗೆ ನುಸುಳಿದೆ. ಇಕ್ಕಳ ಚಾಚಿ ಒಂದು ಕಡ್ಡಿ ಹಿಡಿದೆ. ಕೈ ನಡುಗುತ್ತಿದ್ದುದರಿಂದ ಇಕ್ಕಳವೂ ನಡುಗಿ, ಕಬ್ಬಿಣದ ಸ್ಟ್ಯಾಂಡಿಗೆ ಬಡಿದು ಟಣಟಣ ಎಂದಿತು.

"ಯಾವ್ಳೇ ಅದು! ಅನ್ನ ಇಳ್ಸೋ ಇಕ್ಕಳ ಉಳದ್ ಮನ್ಯಾಗೇನೇ ಮಾಡ್ತಾ ಅದೆ?" ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

ನಾನು ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಿತು. ಒಂದು ಪದ, ಆಮೇಲೆ ಇನ್ನೊಂದು ಪದ. ಪಾಟಿ ಎಂದೆ, ಸೊಳ್ಳೆ ಎಂದೆ, ಕೈ ತೋರಿಸಿದೆ, ಕೊನೆಗೆ "ಹುಳ ಅಲ್ಲಾಡ್ತಿಲ್ಲ ಅಜ್ಜಿ" ಎಂದೆ. ಅಜ್ಜಿ ನನ್ನನ್ನು ಬೈಯಲಿಲ್ಲ, ಅದರಿಂದಲೇ ಹೆಚ್ಚು ಭಯವಾಯಿತು. ಹಿತ್ತಿಲಿಗೆ ಹೋಗಿ ತೋಟದ ಕಡೆ ಮುಖ ಮಾಡಿ ಅಮ್ಮನ ಹೆಸರು ಹಿಡಿದು ಕೂಗಿದಳು. ಅಜ್ಜಿ ಅಮ್ಮನನ್ನು ಹೆಸರು ಹಿಡಿದು ಕೂಗುವುದು ಕೆಟ್ಟ ಸುದ್ದಿಗೆ ಮಾತ್ರ.

ಅಮ್ಮ ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತೇ ಓಡಿಬಂದಳು. ಅಜ್ಜಿ ಎರಡು ಮಾತಿನಲ್ಲಿ ವಿಷಯ ಹೇಳಿದಳು. ಅಮ್ಮ ಹೊರೆ ಇಳಿಸಿದಳು. ನನ್ನ ತೋಳು ಹಿಡಿದು ಮೂಸಿದಳು. ಬೋಗುಣಿಯಲ್ಲಿ ಕೈ ಅದ್ದಿ ಒಳಗೆ ಹೋಗಿ, ಬಾಗಿಲ ಬಳಿಯೇ ಕಣ್ಣು ಮುಚ್ಚಿ ನಿಂತಳು. ನಾನು ಹಿಂದೆ ನಿಂತೆ. ಆಗ ನನಗೂ ಕೇಳಿಸಿತು, ಸಣ್ಣ ಮರಳಿನ ಮೇಲೆ ಯಾರೋ ಬರಿಗಾಲಲ್ಲಿ ನಿಧಾನವಾಗಿ ನಡೆಯುತ್ತಿರುವಂಥ ಸದ್ದು. ಹುಳ ಸೊಪ್ಪು ತಿನ್ನುವ ಸದ್ದು. ಅದು ಬೆಳಗಿನಿಂದ ಅಲ್ಲೇ ಇತ್ತು. ನಾನು ದೀಪಗಳನ್ನು ನೋಡುತ್ತಿದ್ದೆ. ಆದರೆ ಅದು ಮುಂದಿನ ಸ್ಟ್ಯಾಂಡುಗಳ ಸದ್ದೋ, ಕೊನೆಯದರದೋ ಎಂದು ಹೇಳುವವರು ಯಾರು? ಅಮ್ಮ ಕಣ್ಣು ತೆರೆದು ಕೊನೆಯ ಸ್ಟ್ಯಾಂಡಿಗೆ ಹೋಗಿ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

"ಇವು ಸತ್ತೋಗ್ಯವೆ ಅಂತ ಯಾರ್ ಯೋಳಿದ್ದು ನಿಂಗೆ?"

"ದೀಪ ಉರೀಲಿಲ್ಲ."

"ಯಾವ್ ದೀಪ?"

ತೋರಿಸಿದೆ. ಅಮ್ಮ ದೀಪಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಉಳ ನೋಡ್ದಾ?"

"ಇಲ್ಲ."

"ದೀಪ ನೋಡ್ದೆ."

"ಹೂಂ."

"ಇಸ ತಗುಲಿದ್ರೆ ಉಳ ಸುಮ್ಕೆ ಕೂರಲ್ಲ ಕಣಮ್ಮಿ. ತಲೆ ಎತ್ತೆತ್ತಿ ಬಡ್ಕಂತವೆ, ಅಸ್ರಸ್ರು ಕಕ್ತವೆ. ಓದ್ ಕಿತ ನೀ ನೋಡ್ಲಿಲ್ವಾ?"

ನೋಡಿರಲಿಲ್ಲ. ಹಿಂದಿನ ಬೆಳೆ ಹೋದ ದಿನ ನಾನು ಊರಿನಲ್ಲೇ ಇದ್ದೆ. ಅಂಗಳದಲ್ಲಿ ನಿಂತು, ಬಕೆಟ್ಟಿಗೆ ನೀರು ತುಂಬಿಸಿ ಕೊಟ್ಟು, ಒಳಗೆ ಒಂದು ಹೆಜ್ಜೆಯೂ ಇಟ್ಟಿರಲಿಲ್ಲ. ಅಮ್ಮ ಅದನ್ನು ಗಮನಿಸಿರಲಾರಳು ಎಂದುಕೊಂಡಿದ್ದೆ. ಈಗ ಕೇಳಿದ ರೀತಿಯಿಂದ ಗಮನಿಸಿದ್ದಳೆಂದು ಗೊತ್ತಾಯಿತು.

"ಬಾ ಇಲ್ಲಿ, ನೋಡು" ಎಂದಳು. ಹೋದೆ. ನಾನು ಕೈಯಿಟ್ಟು ಕಡ್ಡಿ ಸರಿಮಾಡಿದ್ದ ಮೂಲೆಯಲ್ಲಿ ಒಂದು ಹಿಡಿಯಷ್ಟು ಹುಳ ಹಾಗೇ ಮಾಡುತ್ತಿದ್ದವು. ತಲೆ ಎತ್ತಿ ಎತ್ತಿ ಬಡಿದುಕೊಳ್ಳುತ್ತಿದ್ದವು. ಬಾಯಲ್ಲಿ ಹಸಿರು ನೀರು. ಆ ಮೂಲೆ ಕ್ಯಾಮೆರಾದ ಅಂಚಿನಿಂದ ಹೊರಗಿತ್ತು. ಅವಕ್ಕೆ ಹೆದರಬೇಕೆಂಬುದು ಅಷ್ಟು ಹೊತ್ತು ನನಗೆ ನೆನಪೇ ಆಗಲಿಲ್ಲ. ಅಮ್ಮ ಒಂದೊಂದನ್ನೇ ಆರಿಸಿ ಸುಣ್ಣದ ಡಬ್ಬಿಗೆ ಹಾಕಿದಳು, ನಾಲ್ಕೂ ಕಡ್ಡಿ ಎಳೆದು ಹೊರಗೆಸೆದಳು. ಪಕ್ಕದವು ಏನೂ ಆಗದಂತೆ ಹಳೆಯ ಸೊಪ್ಪು ಮೇಯುತ್ತಿದ್ದವು.

"ಕಡ್ಡಿ ಎಂಗ್ ಇಡ್ಕಂಡಿದ್ದೆ ನೀನು?"

ಎರಡು ಬೆರಳು, ಚಾಚಿದ ತೋಳು, ಗೋಡೆಯ ಕಡೆ ತಿರುಗಿದ ಮುಖ, ಎಲ್ಲವನ್ನೂ ಮಾಡಿ ತೋರಿಸಿದೆ. ಬಾಗಿಲಲ್ಲಿದ್ದ ಅಜ್ಜಿ ಬಾಯಿಗೆ ಸೆರಗು ಇಟ್ಟುಕೊಂಡಳು. "ಸತ್ತಿಲಿ ಬಾಲ ಇಡ್ದಂಗೆ ಇಡ್ಕಂಡವ್ಳೆ!"

"ಅದ್ಕೇ ಬದುಕ್ಕಂಡವೆ" ಎಂದಳು ಅಮ್ಮ, ನಗದೆ. "ಮಾಮೂಲಿಯಾಗಿ ತಬ್ಬಿ ಆಕಿದ್ದಿದ್ರೆ ಇಡೀ ಸ್ಟ್ಯಾಂಡ್ ಓಗಿರೋದು. ನೋಡಣ, ನಾಳೆ ಸಂದೆಗಂಟ ತಡೀಬೇಕು."

ಅಷ್ಟರಲ್ಲಿ ಜಗಲಿಯ ಕಡೆಗೆ ಹೋದ ಅಜ್ಜಿ ಅಲ್ಲಿಂದ ಕೂಗಿದಳು: "ಏಯ್, ನಿನ್ ಬಿಸಿ ಉಸಿರಿನ ಪೆಟ್ಟಿಗ್ಯಾಗೆ ಕೆಂಪುಗೆ ಏನೋ ಕುಣೀತಾ ಅವೆ, ಬಂದ್ ನೋಡು!"

ಹೋಗಿ ನೋಡಿದೆ. ಚಲನೆ ಕಂಡಲ್ಲೆಲ್ಲ ಕೆಂಪು ಚೌಕ ಹಾಕಬೇಕೆಂದು ಲ್ಯಾಪ್‌ಟಾಪಿಗೆ ಹೇಳಿದ್ದೆ. ಪರದೆಯ ತುಂಬ ಕೆಂಪು ಚೌಕಗಳು. ಬೆಳಗಿನಿಂದಲೂ ಅದು ಜಗಲಿಯಲ್ಲಿ ಒಬ್ಬಂಟಿಯಾಗಿ ಕೂತು, ಏದುಸಿರು ಬಿಡುತ್ತ, ಬದುಕಿವೆ, ಬದುಕಿವೆ ಎಂದು ಹೇಳುತ್ತಲೇ ಇತ್ತು. ಕೇಳುವವರು ಒಳಗೆ ಸಾಧು ಪ್ರಾಣಿಯ ಮುಂದೆ ಕೂತಿದ್ದರು.

ಕಾರಣ ನನಗೆ ಹೊಳೆದದ್ದು ಅಲ್ಲೇ, ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತಾಗ. ಬೋರ್ಡು ಸೆಕೆಂಡಿಗೆ ನೂರಿಪ್ಪತ್ತು ಚಿತ್ರ ನೋಡುತ್ತದೆ. ಈ ಚಿತ್ರಕ್ಕೂ ಹಿಂದಿನ ಚಿತ್ರಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ. ಅಷ್ಟರಲ್ಲಿ ರೇಷ್ಮೆ ಹುಳ ಎಷ್ಟು ದೂರ ಹೋದೀತು? ಕೂದಲೆಳೆಯಷ್ಟೂ ಇಲ್ಲ. ಬದಲಾವಣೆ ಇಲ್ಲ, ಆದ್ದರಿಂದ ಚಲನೆ ಇಲ್ಲ, ಆದ್ದರಿಂದ ಹುಳ ಸತ್ತಿದೆ. ನನ್ನ ಹಳೆಯ ಲ್ಯಾಪ್‌ಟಾಪು ಒಂದು ಚಿತ್ರವನ್ನು ಚುಕ್ಕೆ ಚುಕ್ಕೆಯಾಗಿ ಪರಿಶೀಲಿಸಿ ಮುಗಿಸಿ ಮುಂದಿನದಕ್ಕೆ ತಲೆಯೆತ್ತುವಷ್ಟರಲ್ಲಿ ಎರಡು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಹುಳ ಎಲೆಯ ಅಂಚಿನಲ್ಲಿ ಒಂದು ಬಾಯಿ ಮುಂದೆ ಹೋಗಿರುತ್ತದೆ. ಬೇಗ ನೋಡಿದ್ದಕ್ಕೆ ಬೋರ್ಡಿಗೆ ಏನೂ ಕಾಣಲಿಲ್ಲ. ತಡಮಾಡಿದ್ದಕ್ಕೆ ಲ್ಯಾಪ್‌ಟಾಪಿಗೆ ಎಲ್ಲ ಕಂಡಿತು. ಅಮ್ಮ ದಿನಕ್ಕೆ ಮೂರು ಸಲ ನೋಡುತ್ತಾಳೆ. ಅವಳಿಗೆ ಇವೆರಡಕ್ಕಿಂತ ಹೆಚ್ಚು ಕಾಣುತ್ತದೆ.

ಕಾರಣ ತಿಳಿದರೂ ಭಯ ಹೋಗಲಿಲ್ಲ. ಅಮ್ಮ ಹೇಳಿದ ನಾಳೆ ಸಂಜೆ ಇನ್ನೂ ಬರಬೇಕಿತ್ತು. ಭಾನುವಾರವಿಡೀ ಎರಡು ಗಂಟೆಗೊಮ್ಮೆ ಕೈಕಾಲು ತೊಳೆದು ಒಳಗೆ ಹೋಗಿ ಆ ಮೂಲೆಯನ್ನು ನೋಡಿದೆ. ಬರಿಗಣ್ಣಿನಿಂದ. ಹುಳ ನನ್ನ ಕಡೆ ತಲೆಯೆತ್ತಿದರೆ ಬೆನ್ನಿನ ಮೇಲೆ ಆ ಒದ್ದೆ ದಾರ ಎಳೆದೇ ಎಳೆಯುತ್ತಿತ್ತು. ಆದರೆ ತಲೆ ಎತ್ತಿ ಬಡಿದುಕೊಳ್ಳುತ್ತಿದೆಯೋ, ಸುಮ್ಮನೆ ನನ್ನನ್ನು ವಿಚಾರಿಸಿಕೊಳ್ಳುತ್ತಿದೆಯೋ ಎಂಬ ಇನ್ನೂ ದೊಡ್ಡ ಭಯ ಇದ್ದುದರಿಂದ ಸಣ್ಣ ಭಯ ಪಕ್ಕದಲ್ಲಿ ಕಾಯಬೇಕಾಯಿತು. ಸಂಜೆ ಅಮ್ಮ ಒಂದು ಹುಳವನ್ನು ಎತ್ತಿ, ಕೇಳದೆ, ನನ್ನ ಅಂಗೈ ಮೇಲಿಟ್ಟಳು. ಅದರ ಪುಟ್ಟ ಕಾಲುಗಳು ನನ್ನ ಚರ್ಮವನ್ನು ಬಿಗಿಯಾಗಿ ಹಿಡಿದವು. "ಇಡೀತು ನೋಡು. ಅಂಗ್ ಇಡುದ್ರೆ ಗಟ್ಟಿ ಅವೆ ಅಂತ. ಇನ್ ಭಯ ಇಲ್ಲ" ಎಂದಳು. ಅದು ಹುಳದ ವಿಷಯ. ನಾನು ಅಲುಗಾಡದೆ ನಿಂತಿದ್ದೆ. ಬೋರ್ಡು ಆಗ ನನ್ನನ್ನು ನೋಡಿದ್ದರೆ ಸತ್ತಿದ್ದಾಳೆಂದೇ ಹೇಳುತ್ತಿತ್ತು.

ಸೋಮವಾರ ಮೇಡಂಗೆ ಎಲ್ಲ ಹೇಳಿದೆ, ಕ್ರೀಮಿನ ವಿಷಯವೊಂದನ್ನು ಬಿಟ್ಟು. "ಹಾಗಾದರೆ ಬೋರ್ಡಿನ ತಪ್ಪಲ್ಲ ಅದು. ಹಿಂದಿನ ಚಿತ್ರ ಬಿಟ್ಟು, ಎರಡು ಸೆಕೆಂಡ್ ಹಿಂದಿನ ಚಿತ್ರ ಇಟ್ಟುಕೊಂಡು ಹೋಲಿಸೋ ಹಾಗೆ ಜೋಡಿಸು" ಎಂದರು. ಒಂದು ಮಧ್ಯಾಹ್ನದ ಕೆಲಸ. ಮುಂದಿನ ಶನಿವಾರದ ಹೊತ್ತಿಗೆ ಅಮ್ಮನ ಹುಳ ಹಣ್ಣಾಗಿ ಚಂದ್ರಿಕೆ ಹತ್ತಿದ್ದವು. ಬಿದಿರಿನ ಆ ಸುರುಳಿಗಳ ಮೇಲೆ ಕೂತು ತಲೆಯನ್ನು ಎಂಟರಾಕಾರದಲ್ಲಿ ತಿರುಗಿಸುತ್ತ ನೂಲು ಬಿಡುತ್ತಿದ್ದವು. ಬೋರ್ಡನ್ನು ಎದುರಿಗೆ ಹಿಡಿದೆ. ಎಂಟು ದೀಪಗಳೂ ಉರಿದವು. ಅಮ್ಮ ದೀಪಗಳನ್ನೂ ನೋಡಿದಳು, ಸೌಜನ್ಯಕ್ಕೆ. ತೋಟ ಉಳಿಯಿತು. ಟೊಮೆಟೊ ಮಾತು ಮತ್ತೆ ಬರಲಿಲ್ಲ.

ಬೋರ್ಡಿನ ಗುಣ ಅದೇ, ತಪ್ಪು ಕಂಡರೆ ಕೊಳವೆ ಬಿಚ್ಚಿ ಬೇರೆ ರೀತಿ ಜೋಡಿಸಬಹುದು. ನನ್ನನ್ನೂ ಹಾಗೆ ಜೋಡಿಸಿಕೊಳ್ಳಬೇಕೆಂದು ನಿರ್ಧರಿಸಿದೆ. ಇನ್ನು ಮುಂದೆ ಯಾರು ಏನು ಕೇಳಿದರೂ ತಟ್ಟನೆ "ಇಲ್ಲ" ಎನ್ನುವುದಿಲ್ಲ. ನಿಧಾನವಾಗಿ, ಒಂದೊಂದಾಗಿ ಪರಿಶೀಲಿಸಿ, ನಿಜವನ್ನೇ ಹೇಳುತ್ತೇನೆ. ಹೊಸ ಬೆಳೆ ಶುರುವಾದ ಮೇಲೆ ಮೊದಲ ಸಲ ಹುಳದ ಮನೆಯ ಬಾಗಿಲಿಗೆ ಹೋದೆ. ಬಸ್ಸು ಹತ್ತುವ ಮೊದಲು ಪಾಟಿಯ ಕಣ್ಣು ತಪ್ಪಿಸಿ ಬಂದಿದ್ದೆ, ಪೌಡರೂ ಹಾಕಿರಲಿಲ್ಲ. ಅಜ್ಜಿ ಸ್ಟೂಲಿನ ಮೇಲಿದ್ದಳು.

"ಏನಾದ್ರೂ ಅಚ್ಕಂಡಿದ್ದೀಯಾ?"

ನಾನು ಯೋಚಿಸಿದೆ. ಬೆಳಿಗ್ಗೆ ಎದ್ದಲ್ಲಿಂದ ನೆನಪು ಮಾಡಿಕೊಂಡೆ. ಎಡಗೈ ಮೂಸಿದೆ. ಬಲಗೈ ಮೂಸಿದೆ. ತಲೆಗೆ ಹಾಕಿದ ಕೊಬ್ಬರಿ ಎಣ್ಣೆ ಲೆಕ್ಕಕ್ಕೆ ಬರುತ್ತದೆಯೇ ಎಂದು ವಿಚಾರ ಮಾಡಿದೆ. ಆಮೇಲೆ ಸ್ಪಷ್ಟವಾಗಿ, "ಇಲ್ಲ ಅಜ್ಜಿ" ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟೊತ್ತು ಯೋಚ್ನೆ ಮಾಡ್ತೀಯಲ್ಲಮ್ಮಿ! ಏನೋ ಅಚ್ಕಂಡೇ ಬಂದವ್ಳೆ. ನಡಿ, ತಲೆ ಮೇಲಿಂದ ನೀರುಯ್ಕಂಡ್ ಬಾ."

ನಲ್ಲಿಯ ಕೆಳಗೆ ಕೂತು ತಣ್ಣೀರು ಸುರಿದುಕೊಂಡೆ. ಬೇಗ ಉತ್ತರ ಕೊಟ್ಟ ದಿನ ಒಳಗೆ ಬಿಟ್ಟಿದ್ದಳು.